ಮೈಕ್ ಮನೆಯ ಹೊಸ್ತಿಲು

ನಮ್ಮೂರಲ್ಲಿ ಯಾರಾದರೂ ಯಾರಿಗಾದರೂ ಹೊಡೆದು ಗಾಯ ಮಾಡಿದರೆ, ಹೊಡೆದದ್ದು ಗಂಡಸೋ ಹೆಂಗಸೋ ಅಂತ ಮೈಕಿನಲ್ಲಿ ಓದುವವಳು ನಾನು. ಹೆಸರು ಚೆಲುವಮ್ಮ. ಮೈಕ್ ಚೆಲುವಕ್ಕ ಅಂದರೆ ತೊಟ್ಟಿಲ ಕೂಸಿಗೂ ಗೊತ್ತು. ನಾನು ಓದಿದ ತಕ್ಷಣ ಹೊಸ್ತಿಲು ಹಿಡಿಯುತ್ತದೆ. ಗಂಡಸು ಅಂತ ಓದಿದೆನೋ, ಆಮೇಲೆ ಊರಿನ ಒಬ್ಬ ಗಂಡಸೂ ಯಾವ ಹೊಸ್ತಿಲನ್ನೂ ದಾಟುವ ಹಾಗಿಲ್ಲ. ದಾಟೋಣ ಅಂದರೂ ಕಾಲು ಏಳುವುದಿಲ್ಲ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಪೆಟ್ಟು ತಿಂದವರ ಗಾಯದ ಪಟ್ಟಿ ಬಿಚ್ಚುವ ತನಕ ಇದೇ ಗತಿ. ಪೊಲೀಸರು ನನಗೆ ಹೇಳುತ್ತಾರೆ, ನಾನು ಓದುತ್ತೇನೆ, ಹೊಸ್ತಿಲು ಕೇಳಿಸಿಕೊಳ್ಳುತ್ತದೆ. ನಿಜವಾಗಿ ಹೊಡೆದವರು ಯಾರು ಅಂತ ಹೊಸ್ತಿಲಿಗೆ ಗೊತ್ತಾಗುವುದಿಲ್ಲ. ನಾನು ಏನು ಓದಿದೆನೋ ಅದೇ ಅದಕ್ಕೆ ಸತ್ಯ.

ಓದುವ ಮೊದಲು ಗಂಟೆ ಬಾರಿಸಬೇಕು, ಅದು ಪದ್ಧತಿ. ಆಗ ನಮ್ಮ ಗಂಡಸರ ಓಟ ನೋಡಬೇಕು ನೀವು! ಹೆಂಡತಿ ಮೇಲೆ ಪ್ರೀತಿ ಇರುವವನು ಮನೆಗೆ ಓಡುತ್ತಾನೆ, ಇಲ್ಲದವನು ಟೀ ಅಂಗಡಿಗೆ. ಇಸ್ಪೀಟಿನವರು ಅರಳಿಕಟ್ಟೆ ಹತ್ತಿ ಕೂರುತ್ತಾರೆ. ಒಬ್ಬ ಮದುಮಗ ಛತ್ರದ ಹೊರಗೆ ಸಿಕ್ಕಿಕೊಂಡು ಕಿಟಕಿ ಸರಳಿನ ನಡುವೆ ಕೈ ತೂರಿಸಿ ತಾಳಿ ಕಟ್ಟಿದ, ಅವರ ಸಂಸಾರ ಈಗಲೂ ಚೆನ್ನಾಗಿಯೇ ಇದೆ. ನಮ್ಮ ಯಜಮಾನರು ಮನೆಯೊಳಗೆ ಸಿಕ್ಕಿ ಸಿಕ್ಕಿ ಅಡುಗೆ ಕಲಿತು, ಈಗ ನಾನು ಸಾರು ಮಾಡಿದರೆ ಮೂಗು ಮುರಿಯುತ್ತಾರೆ. ಪೆಟ್ಟು ತಿಂದವರಿಗಂತೂ ರಾಜೋಪಚಾರ. ಬೇಗ ವಾಸಿಯಾಗಲಿ, ಬೇಗ ಪಟ್ಟಿ ಬಿಚ್ಚಲಿ ಅಂತ ಮನೆಮನೆಯಿಂದ ಎಳನೀರು, ಮೊಟ್ಟೆ, ಕಾಲುಸೂಪು ಬರುತ್ತದೆ. ಹೊಡೆಯುವವರು ಹೆಚ್ಚಾಗಿ ಗಂಡಸರೇ, ಸುಳ್ಳು ಯಾಕೆ ಹೇಳಲಿ. ಆದರೆ ಹೆಂಗಸು ಅಂತ ನಾನು ಒಂದು ಸಲವೂ ಓದಿರಲಿಲ್ಲ. ನನಗಿಂತ ಮುಂಚೆ ಓದುತ್ತಿದ್ದ ನಮ್ಮ ಚಿಕ್ಕಮ್ಮನೂ ಓದಿರಲಿಲ್ಲ. ಹಾಗಾಗಿ ಗಂಟೆ ಬಾರಿಸಿದರೆ ಹೆಂಗಸರು ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದರು.

ನಮ್ಮೂರಿಗೂ ಹೊಳೆಯಾಚೆ ಊರಿಗೂ ವರ್ಷಕ್ಕೊಂದು ಸಲ ಹಗ್ಗ ಜಗ್ಗಾಟ. ಹೊಳೆಗೆ ಅಡ್ಡಲಾಗಿ ಹಗ್ಗ, ಆ ದಡದಲ್ಲಿ ಅವರು, ಈ ದಡದಲ್ಲಿ ನಾವು. ಸೋತವರು ನೀರಿಗೆ. ಗೆದ್ದವರ ದಡದಲ್ಲಿ ವರ್ಷಪೂರ್ತಿ ಸಂತೆ. ನಮ್ಮ ಗಂಡಸರು ಪ್ರತಿ ವರ್ಷವೂ ಸರಿಯಾಗಿ ಆ ದಿನವೇ ಯಾವುದಾದರೂ ಹೊಸ್ತಿಲೊಳಗೆ ಸಿಕ್ಕಿಕೊಂಡಿರುತ್ತಿದ್ದರು, ಸಂತೆ ಆಚೆ ದಡದಲ್ಲೇ ಬೇರು ಬಿಟ್ಟಿತ್ತು. ಈ ಸಲ ಸಾಕಪ್ಪಾ ಸಾಕು, ಹೆಂಗಸರೇ ಎಳೆಯೋಣ ಅಂತ ಸೆರಗು ಕಟ್ಟಿ ನಿಂತವಳು ತಿಮ್ಮಾಜಮ್ಮ. ಆಚೆ ದಡದವರೂ ತಮ್ಮ ಹೆಂಗಸರನ್ನೇ ಇಳಿಸಲು ಒಪ್ಪಿದರು. ಗಾಣದ ಎತ್ತು ಕುಂಟಿದಾಗ ತಾನೇ ನೊಗಕ್ಕೆ ಹೆಗಲು ಕೊಟ್ಟ ಹೆಂಗಸು ಅದು! ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತಳು ಅಂದರೆ ಬೇವಿನ ಮರವಾದರೂ ಅಲ್ಲಾಡಬಹುದು, ತಿಮ್ಮಾಜಮ್ಮ ಅಲ್ಲಾಡಳು. ಬೆಳಗಾದರೆ ಅವಳ ತಾಲೀಮು ನೋಡೋಕೆ ಊರೇ ಸೇರುತ್ತಿತ್ತು. ನಾನೂ ಅವಳ ಭಕ್ತೆಯೇ, ಮುಚ್ಚಿಡುವುದೇನು ಬಂತು.

ಪಂದ್ಯದ ದಿನ ಬೆಳಿಗ್ಗೆ ಊರಲ್ಲಿ ಒಂದು ಹೆಣ್ಣು ನೊಣವೂ ಮನೆಯೊಳಗೆ ಇರಲಿಲ್ಲ. ಬಾಣಂತಿಯರು ಕೂಸು ಕಟ್ಟಿಕೊಂಡು, ಅಜ್ಜಿಯರು ಮಂಚದ ಸಮೇತ ಹೊಳೆದಂಡೆಯ ಬಯಲಿಗೆ ಬಂದಿದ್ದರು. ತಮಟೆಯವಳೊಬ್ಬಳು ಬಡಿದದ್ದೇ ಬಡಿದದ್ದು. ನನ್ನ ಮೈಕ್ ಮನೆ ಇರುವುದು ಬಯಲ ಪಕ್ಕದ ದಿಬ್ಬದ ಮೇಲೆ, ಒಂದು ಬಾಗಿಲು, ಹೊಳೆಯ ಕಡೆ ಒಂದು ದೊಡ್ಡ ಕಿಟಕಿ. ಪಂದ್ಯದ ಪೂರ್ತಿ ವರದಿ ನಾನೇ ಕೂಗಬೇಕು. ಮೆಣಸಿನ ಕಷಾಯ ಕುಡಿದು ಗಂಟಲು ಸರಿಮಾಡಿಕೊಂಡು, "ಹಲೋ, ಹಲೋ" ಅಂತ ಮೈಕ್ ಪರೀಕ್ಷೆ ಮಾಡುತ್ತಿದ್ದೆ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಗ ಬಾಗಿಲಲ್ಲಿ ಬಂದು ನಿಂತಳು ಕುಸುಮ, ತಿಮ್ಮಾಜಮ್ಮನ ಸೊಸೆ. ಎಡಗೈಗೆ ಮೊಣಕೈ ಮೇಲಿಂದ ಬೆರಳ ತನಕ ಸಿಮೆಂಟ್ ಪಟ್ಟಿ, ಇನ್ನೂ ಹಸಿ ಹಸಿ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. "ಏನೇ ಇದು ಕುಸುಮಾ!" ಅಂತ ಎದ್ದು ಹಿಡಿದುಕೊಂಡೆ. "ಅತ್ತೆ ಹೊಡೆದ್ರು ಅಕ್ಕಾ, ಸೌದೇಲಿ," ಅಂದಳು. "ಕೈ ಜಾರದಿರಲಿ ಅಂತ ರಾಳದ ಪುಡಿ ಇಟ್ಟುಕೊಂಡಿದ್ರು. ಎತ್ತಿಕೊಡೋವಾಗ ನನ್ನ ಕೈ ತಪ್ಪಿ ಬಚ್ಚಲಿಗೆ ಬಿತ್ತು. ಅದಕ್ಕೇ."

ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಕುಸುಮಳ ಮೇಲೆ. ಇವತ್ತೇ ಆಗಬೇಕಿತ್ತಾ ಇದು? ಇನ್ನೊಂದು ಗಳಿಗೆ ತಡೆದಿದ್ದರೆ ಪಂದ್ಯ ಮುಗಿಯುತ್ತಿತ್ತಲ್ಲ ಅನ್ನಿಸಿತು. ಅವಳಿಗೆ ಅದು ಗೊತ್ತಾಯಿತೋ ಏನೋ, "ಇದೇ ಮೊದಲಲ್ಲ ಅಕ್ಕಾ," ಅಂದಳು. "ಹೋದ ಸಲ ಹಣೆ ಒಡೆದಾಗ ಮೆಟ್ಟಿಲಿಂದ ಬಿದ್ದಳು ಅಂತ ಕಾಂಪೌಂಡರ್ ಹತ್ರ ಅವರೇ ಹೇಳಿದ್ರು. ಈ ಸಲ ನಾನು ನಿಜ ಹೇಳ್ದೆ. ಹೇಳಿ ಮುಗಿಸೋಷ್ಟರಲ್ಲಿ ನಮ್ಮನೆಯವರು ಸ್ಟೇಷನ್‌ಗೆ ಹೋಗಿ, ನಾನೇ ಹೊಡೆದೆ ಅಂತ ಒಪ್ಕೊಂಡುಬಿಟ್ಟಿದ್ದಾರೆ. ನಡೆದದ್ದನ್ನ ನಡೆದ ಹಾಗೇ ಓದಿ ಅಕ್ಕಾ. ನಿಮ್ಮ ಕಾಲಿಗೆ ಬೀಳ್ತೀನಿ."

ಬೀಳೋಕೆ ನಾನು ಬಿಡಲಿಲ್ಲ, ಸ್ಟೂಲ್ ಎಳೆದು ಕೂರಿಸಿದೆ. ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ರಂಗಶೆಟ್ಟಿ ಏದುಸಿರು ಬಿಡುತ್ತಾ ದಿಬ್ಬ ಹತ್ತಿ ಬಂದರು. ಹಿಂದೆ ಕುಸುಮಳ ಗಂಡ ಮರಿಸ್ವಾಮಿ, ತಲೆ ತಗ್ಗಿಸಿಕೊಂಡು. "ಬೇಗ ಓದಬೇಕಮ್ಮಾ ಚೆಲುವಮ್ಮಾ, ಕೇಸು ಸಲೀಸು," ಅಂದರು ರಂಗಶೆಟ್ಟಿ. "ಹೊಡೆದದ್ದು ಗಂಡಸು, ಆಸಾಮಿ ಇವನೇ. ಇವನನ್ನ ಲಾಕಪ್ಪಿಗೆ ಹಾಕಿ ಸೀಟಿ ಊದ್ತೀನಿ, ಆಮೇಲೆ ನೀನು ಗಂಟೆ ಬಾರಿಸು. ಸಂಜೆ ಪತ್ರಿಕೆಯವನು ಆಗಲೇ ಅಚ್ಚು ಜೋಡಿಸಿಕೊಂಡು ಕೂತಿದ್ದಾನೆ, ಹೆಂಡತಿಯ ಕೈ ಮುರಿದ ಗಂಡ ಅಂತ."

"ಹೆಂಡ್ತಿನ ಕೇಳಿದ್ರಾ ಸಾರ್?" ಅಂದೆ. "ಕೇಳೋದೇನು? ಮದುವೆಯಾದ ಹೆಣ್ಣಿನ ಕೈ ಮುರಿದಿದೆ ಅಂದ್ರೆ ಗಂಡನೇ ಮುರಿದಿರ್ತಾನೆ. ನನ್ನ ಸರ್ವೀಸಲ್ಲಿ ಬೇರೆ ನೋಡಿಲ್ಲ. ಅದರ ಮೇಲೆ ಇವನೇ ಬಾಯಿಬಿಟ್ಟು ಒಪ್ಕೊಂಡವ್ನೆ."

ನಾನು ಮರಿಸ್ವಾಮಿ ಕಡೆ ತಿರುಗಿದೆ. "ಏನಪ್ಪಾ, ಯಾತರಲ್ಲಿ ಹೊಡೆದೆ?" "ಕೈಯಲ್ಲಿ ಅಕ್ಕಾ... ಅಲ್ಲ, ಬೆಲ್ಟಲ್ಲಿ." "ಬೆಲ್ಟಲ್ಲಾ! ನಿನ್ನ ಸೊಂಟದಲ್ಲಿ ಉಡಿದಾರ ಬಿಟ್ಟು ಬೇರೇನಾದ್ರೂ ಕಂಡವರುಂಟೇನೋ? ಹೋಗ್ಲಿ, ಯಾವಾಗ ಹೊಡೆದೆ?" "ಬೆಳಕು ಹರಿಯೋ ಹೊತ್ತಲ್ಲಿ." "ಬೆಳಕು ಹರಿಯೋ ಹೊತ್ತಲ್ಲಿ ನೀನು ನಮ್ಮ ಯಜಮಾನರ ಜೊತೆ ಹೊಳೆದಂಡೇಲಿ ಕೂತು ಹಗ್ಗದ ತುದಿ ಹೊಸೀತಿದ್ದೆ. ನಾನೇ ಅಲ್ಲವೇನೋ ಕಾಫಿ ತಂದು ಕೊಟ್ಟದ್ದು!" ಕುಸುಮ ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು, ಅವನು ಮಾತ್ರ ಅವಳ ಕಡೆ ಕಣ್ಣೆತ್ತಲಿಲ್ಲ.

ರಂಗಶೆಟ್ಟಿ ಟೋಪಿ ತೆಗೆದು ತಲೆ ಒರೆಸಿಕೊಂಡು ದನಿ ಇಳಿಸಿದರು. "ಆಯ್ತು ಕಣಮ್ಮಾ, ಅತ್ತೇನೇ ಹೊಡೆದಿರಲಿ. ಅತ್ತೆ ಸೊಸೆ ಜಗಳ ಯಾವತ್ತಾದ್ರೂ ಕೇಸಾಗಿದೆಯಾ? ಹೆಂಗಸು ಅಂತ ಓದಿಬಿಟ್ರೆ ಊರಿನ ಹೆಂಗಸರಷ್ಟೂ ಬಯಲಲ್ಲೇ ಉಳೀತಾರೆ. ಸಿಮೆಂಟ್ ಪಟ್ಟಿ ಬಿಚ್ಚೋದು ತಿಂಗಳ ಮೇಲಾಗುತ್ತೆ. ಬಾಣಂತಿಯರಿದ್ದಾರೆ, ಮುದುಕಿಯರಿದ್ದಾರೆ. ನೀನೂ ಈ ಗೂಡಲ್ಲೇ ಕೊಳೀಬೇಕು. ತಿಮ್ಮಾಜಮ್ಮನ ಮಾನ ಹೋದ್ರೆ ಹಗ್ಗ ಯಾರು ಎಳೀತಾರೆ? ಸಂತೆ ಗತಿಯೇನು? ಗಂಡಸರಿಗಾದ್ರೆ ಇದೆಲ್ಲ ಅಭ್ಯಾಸ. ಯಾರಿಗೂ ನೋವಿಲ್ಲದ ಹಾಗೆ ಒಂದು ಮಾತು ಓದು, ಮುಗೀತು."

"ನನಗೆ ನೋವಿದೆ ಸಾರ್," ಅಂದಳು ಕುಸುಮ. ಅಲ್ಲಿಯ ತನಕ ಅವಳು ಅಲ್ಲಿದ್ದಾಳೆ ಅನ್ನುವುದನ್ನೇ ರಂಗಶೆಟ್ಟಿ ಮರೆತಿದ್ದರು. "ಗಂಡಸು ಅಂತ ಓದಿದ್ರೆ ಇವರು ಲಾಕಪ್ಪಲ್ಲಿ. ನಮ್ಮಪ್ಪ, ನಮ್ಮಣ್ಣ ಓಡಿ ಬಂದ್ರೂ ಆ ಮನೆ ಹೊಸ್ತಿಲು ದಾಟೋ ಹಾಗಿಲ್ಲ. ಪಟ್ಟಿ ಬಿಚ್ಚೋ ತನಕ ಆ ಮನೇಲಿ ನಾನು, ಅತ್ತೆ, ಇಬ್ಬರೇ. ಆ ಪಟ್ಟಿ ಬಿಚ್ಚೋಕೆ ನಾನು ಉಳಿದಿರ್ತೀನಾ ಅಂತ ಯಾರಾದ್ರೂ ಯೋಚನೆ ಮಾಡಿದ್ರಾ?"

ರಂಗಶೆಟ್ಟಿ ಕಿಟಕಿಯ ಕಡೆ ನೋಡತೊಡಗಿದರು. ಹೊರಗೆ ತಮಟೆ ಸದ್ದು ಹತ್ತಿರ ಹತ್ತಿರ ಬಂತು. ನೋಡಿದರೆ ತಿಮ್ಮಾಜಮ್ಮನನ್ನು ಹೆಗಲ ಮೇಲೆ ಹೊತ್ತುಕೊಂಡು ತಂಡದವರೆಲ್ಲ ದಿಬ್ಬಕ್ಕೇ ಬಂದಿದ್ದಾರೆ! ಹಣೆ ತುಂಬ ಕುಂಕುಮ, ಸೊಂಟಕ್ಕೆ ಹಸಿರು ಸೆರಗು ಬಿಗಿದಿದ್ದಾಳೆ, ನಗುತ್ತಿದ್ದಾಳೆ. ಎಂಥ ಕಳೆ ಅಂತೀರಿ, ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು. ಬಾಗಿಲ ಎದುರು ಇಳಿದು ನಿಂತು, "ಲೇ ಚೆಲ್ವಿ, ಇವತ್ತು ನಿನ್ನ ಗಂಟಲು ಹರಿಯೋ ಹಾಗೆ ಕೂಗಬೇಕು ಕಣೇ!" ಅಂದಳು. ಆಮೇಲೆ ಕುಸುಮಳನ್ನು ಕಂಡಳು. ಮುಖದ ನಗು ಒಂದು ಚೂರೂ ಮಾಸಲಿಲ್ಲ. "ಅಯ್ಯೋ ನನ್ನ ಕಂದ, ಇಲ್ಲಿ ಯಾಕೆ ಕೂತಿದ್ದೀಯ? ಮನೆಗೆ ಹೋಗಿ ಮಲಕ್ಕೊ ಮಗ. ಗೆದ್ದು ಬಂದು ನಾನೇ ಗಂಜಿ ಕುಡಿಸ್ತೀನಿ." ಮಾತೇನೋ ಬೆಣ್ಣೆ. ಆದರೆ ಕುಸುಮ ಸ್ಟೂಲ್ ಸಮೇತ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು, ಒಳ್ಳೆಯ ಕೈ ಎತ್ತಿ ತಲೆಗೆ ಅಡ್ಡ ಹಿಡಿದಳು. ಅತ್ತೆ ಇದ್ದದ್ದು ಹೊಸ್ತಿಲಾಚೆ, ಕೈಯಲ್ಲಿ ಏನೂ ಇರಲಿಲ್ಲ. ಆದರೂ ತಲೆಗೆ ಕೈ ಅಡ್ಡ ಹಿಡಿದಳು.

ನಾನು ಗಂಟೆಯ ಹಗ್ಗ ಹಿಡಿದು ಜಗ್ಗಿದೆ.

ಶುರುವಾಯಿತು ನೋಡಿ! ಪಂದ್ಯ ಬಿಟ್ಟು ಒಳಗೆ ಕೂರಲು ಯಾವ ಗಂಡಸಿಗೆ ಇಷ್ಟ? ಬೇರೆ ದಿನ ಒಳಗೆ ಓಡುತ್ತಿದ್ದವರೆಲ್ಲ ಅವತ್ತು ಹೊರಗೆ ಓಡಿ ಬಂದರು. ಸೋಪಿನ ನೊರೆ ಮೆತ್ತಿಕೊಂಡವರು, ಅರ್ಧ ಕ್ಷೌರದವರು, ನಮ್ಮ ಯಜಮಾನರು ಸಾರಿನ ಸೌಟಿನ ಸಮೇತ! "ಏ ಚೆಲುವಮ್ಮಾ, ತಡಿಯಮ್ಮಾ, ನಾನಿನ್ನೂ ಇಲ್ಲೇ ಇದೀನಿ!" ಅಂತ ರಂಗಶೆಟ್ಟಿ ಮರಿಸ್ವಾಮಿಯ ರಟ್ಟೆ ಹಿಡಿದು ಎಳೆದರು. ಅವನು ಕದಲಲಿಲ್ಲ. ಇಬ್ಬರೂ ಒಳಗೆ ಸಿಕ್ಕಿಬೀಳುವ ಭಯಕ್ಕೆ ಅವನನ್ನು ಬಿಟ್ಟು ತಾವೊಬ್ಬರೇ ಬಾಗಿಲಾಚೆ ನೆಗೆದರು. ಹೆಂಗಸರು ನೋಡಿ ಬಿದ್ದೂ ಬಿದ್ದೂ ನಕ್ಕರು. ಅವರಲ್ಲಿ ಒಬ್ಬಳಾದರೂ ಇದ್ದ ಜಾಗದಿಂದ ಅಲುಗಬೇಕಲ್ಲ! ತಿಮ್ಮಾಜಮ್ಮನೂ ನಗುತ್ತಲೇ ಇದ್ದಳು.

ಮೈಕ್ ಹಿಡಿದೆ. "ಊರವರೇ ಕೇಳಿ. ಕುಸುಮಳ ಕೈಯನ್ನು ಸೌದೆಯಿಂದ ಹೊಡೆದು ಮುರಿದಿದ್ದಾರೆ. ಹೊಡೆದದ್ದು ಹೆಂಗಸು. ಅವಳ ಅತ್ತೆ, ತಿಮ್ಮಾಜಮ್ಮ."

ತಮಟೆ ನಿಂತಿತು. ತಿಮ್ಮಾಜಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ "ಏನಂದೆಯೇ?" ಅಂತ ಒಳಗೆ ನುಗ್ಗಲು ಕಾಲೆತ್ತಿದಳು. ಕಾಲು ಏಳಲಿಲ್ಲ. ಇನ್ನೊಂದು ಕಾಲು ಎತ್ತಲು ನೋಡಿದಳು. ಗಾಣದ ನೊಗ ಎಳೆದ ಹೆಂಗಸು ಗೇಣುದ್ದದ ಹೊಸ್ತಿಲ ಮುಂದೆ ಬೆವರಿಹೋದಳು. ನನ್ನ ಬೆನ್ನ ಹಿಂದೆ ಕುಸುಮ ಉಸಿರು ಬಿಟ್ಟದ್ದು ಕೇಳಿಸಿತು. ತಲೆಗೆ ಅಡ್ಡ ಹಿಡಿದಿದ್ದ ಕೈಯನ್ನು ಅವಳು ಕೆಳಗಿಳಿಸಿದ್ದಳು.

ಇನ್ನು ಬಯಲಲ್ಲಿ ಎದ್ದ ಗದ್ದಲ! "ನಿನ್ನ ನಾಲಿಗೆ ಬಿದ್ದುಹೋಗ ಚೆಲ್ವಿ!" "ನಮ್ಮನ್ನ ಬೀದಿಗೆ ಹಾಕ್ದೆಯಲ್ಲೇ, ಒಲೆ ಮೇಲೆ ಹಾಲಿಟ್ಟು ಬಂದಿದ್ದೆ ಕಣೇ!" ಚಪ್ಪಲಿ ಬಂದು ಕಿಟಕಿಗೆ ಬಡಿದವು, ಒಂದೆರಡು ಕಲ್ಲೂ ಬಂದವು. ಗಂಡಸರು ಮಾತ್ರ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನೋಡುವುದು, ತೆಗೆಯುವುದು, ಮತ್ತೆ ಇಡುವುದು. ಕೊನೆಗೆ ನಮ್ಮ ಯಜಮಾನರು, "ಹಾಲು ನಾನು ಇಳಿಸ್ತೀನಿ ಬಿಡಮ್ಮಾ, ಮನೆ ಯಾವುದು ಹೇಳು," ಅಂತ ಓಡಿದರು. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂತು.

ಅಷ್ಟರಲ್ಲಿ ಆಚೆ ದಡದವರು ಕಹಳೆ ಊದಿದರು. ಪಂದ್ಯದ ಹೊತ್ತು. ತಿಮ್ಮಾಜಮ್ಮ ಯಾರ ಮುಖವನ್ನೂ ನೋಡದೆ ದಿಬ್ಬ ಇಳಿದು ಹೋಗಿ, ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತಳು. "ಬನ್ರೇ," ಅಂತ ಕೂಗಿದಳು. ಯಾರೂ ಹಗ್ಗ ಮುಟ್ಟಲಿಲ್ಲ. ಅವಳ ಮುಂದಿನ ಜಾಗದಲ್ಲಿ ಎಳೆಯುತ್ತಿದ್ದವಳು ದ್ಯಾವೀರಿ, ಕಲ್ಲು ಒಡೆಯುವ ಹೆಂಗಸು. ಅವಳು ಕೇಳಿದಳು, "ಹೌದಾ ಅಕ್ಕಾ?" ಕಿಟಕಿಯಲ್ಲಿ ನಿಂತಿದ್ದ ನಮಗೂ ಸ್ಪಷ್ಟವಾಗಿ ಕೇಳಿಸಿತು. ತಿಮ್ಮಾಜಮ್ಮ ಸಿಡಿದುಬಿದ್ದಳು. "ಹೌದು ಕಣ್ರೇ! ಸೊಸೆಗೆ ಒಂದೇಟು ಹಾಕಿದ್ರೆ ಊರೇ ಮುಳುಗಿಹೋಯ್ತಾ? ನಾನು ತಿಂದಿಲ್ವಾ ನಮ್ಮತ್ತೆ ಕೈಲಿ? ನೀವ್ಯಾರೂ ತಿಂದಿಲ್ವಾ?"

ಅಷ್ಟು ಹೆಂಗಸರಲ್ಲಿ ಒಬ್ಬಳೂ ಇಲ್ಲ ಅನ್ನಲಿಲ್ಲ. ದ್ಯಾವೀರಿ ಹೋಗಿ ತಿಮ್ಮಾಜಮ್ಮನ ಸೊಂಟದ ಹಗ್ಗವನ್ನು ನಿಧಾನವಾಗಿ ಬಿಚ್ಚಿದಳು. ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡಳು. "ನಾನು ನಿಲ್ತೀನಿ, ಹಿಡೀರಿ," ಅಂದಳು.

ಹಿಡಿದರು ಸ್ವಾಮೀ! ನಾನು ಮೈಕಿಗೆ ಬಾಯಿ ಹಚ್ಚಿದೆ. "ಎಳೀ! ಎಳೀ! ಕಾಲು ಊರು ದ್ಯಾವೀರಿ! ಆಚೆ ದಡದವರು ಬಗ್ಗಿದರು, ಬಗ್ಗಿದರು, ಅವರ ಮುಂದಿನವಳ ಕಾಲು ನೀರಿಗೆ ಬಂತು! ಅಯ್ಯಯ್ಯೋ ಸಡಿಲ ಬಿಡಬೇಡ್ರೇ!" ಕುಸುಮ ನನ್ನ ಭುಜ ಗುದ್ದುತ್ತಾ ಕಿರುಚುತ್ತಿದ್ದಳು, ಕೈ ಮುರಿದದ್ದೇ ಮರೆತಿದ್ದಳು. ಹಗ್ಗ ಈ ಕಡೆ ಬಂತು, ಆ ಕಡೆ ಹೋಯಿತು, ಮತ್ತೆ ಈ ಕಡೆ ಬಂತು. ಗೆದ್ದೇಬಿಟ್ಟೆವು ಅನ್ನುವಾಗ ದ್ಯಾವೀರಿಯ ಹಿಮ್ಮಡಿ ಕೆಸರಲ್ಲಿ ಜಾರಿತು. ಅಷ್ಟೇ. ಇಡೀ ಸಾಲು ದಡಬಡ ಅಂತ ಹೊಳೆಗೆ ಬಿತ್ತು. ಸಂತೆ ಇನ್ನೊಂದು ವರ್ಷ ಆಚೆ ದಡಕ್ಕೆ ಹೋಯಿತು. ನಾನು ಮೈಕ್ ಮುಂದೆಯೇ ಅತ್ತುಬಿಟ್ಟೆ, ನಾಚಿಕೆ ಏನು ಅದಕ್ಕೆ.

ಇನ್ನು ನನ್ನನ್ನು ಬೈಯಲು ಬರುತ್ತಾರೆ ಅಂತ ಕಿಟಕಿಯ ಬಾಗಿಲು ಎಳೆದುಕೊಳ್ಳಲು ಹೋದೆ. ನೀರು ತೊಟ್ಟಿಕ್ಕುವ ಸೀರೆಯಲ್ಲಿ ಎಲ್ಲರೂ ದಿಬ್ಬ ಹತ್ತಿ ಬಂದಿದ್ದರು. ದ್ಯಾವೀರಿ ಎಲ್ಲರಿಗಿಂತ ಮುಂದೆ. ಬೈಯಲಿಲ್ಲ. ಒದ್ದೆ ತಲೆಗೂದಲು ಸರಿಸಿ ಕಿವಿಯ ಹಿಂದಿನ ಸುಟ್ಟ ಕಲೆ ತೋರಿಸಿದಳು. "ನಂದೂ ಓದು ಚೆಲುವಕ್ಕ." "ಇದು ವಾಸಿಯಾಗಿ ಎಷ್ಟು ಕಾಲ ಆಯ್ತೇ? ಹಳೇ ಗಾಯ ಓದಿದ್ರೆ ಹೊಸ್ತಿಲು ಹಿಡಿಯಲ್ಲ," ಅಂದೆ. "ಹಿಡೀದೆ ಇದ್ರೆ ಬೇಡ. ಊರು ಕೇಳ್ಲಿ." ಅವಳ ಹಿಂದೆ ಇನ್ನೊಬ್ಬಳು ಸೆರಗು ಸರಿಸುತ್ತಿದ್ದಳು, ಅವಳ ಹಿಂದೆ ಮತ್ತೊಬ್ಬಳು. ಕುಸುಮ ಒಳ್ಳೆಯ ಕೈಯಿಂದ ಮೈಕನ್ನು ಕಿಟಕಿಯ ಹತ್ತಿರ ಎಳೆದಿಟ್ಟಳು. ಒಂದೊಂದಾಗಿ ಓದಿದೆ. ಗಂಡ ಹೊ‌ಡೆದದ್ದಿತ್ತು, ಅಪ್ಪ ಹೊಡೆದದ್ದಿತ್ತು. ಅತ್ತೆ, ನಾದಿನಿ, ಹೆತ್ತ ತಾಯಿ ಹೊಡೆದದ್ದೂ ಇತ್ತು. ಹೇಗೆ ಹೇಳಿದರೋ ಹಾಗೆಯೇ ಓದಿದೆ. ರಂಗಶೆಟ್ಟಿ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಾ ನಿಂತಿದ್ದರು. ಬಯಲಲ್ಲಿ ತಿಮ್ಮಾಜಮ್ಮ ಒಬ್ಬಳೇ ಕೂತಿದ್ದಳು.

ಆಗ ಬೆನ್ನ ಹಿಂದಿನಿಂದ "ಅಕ್ಕಾ" ಅಂದರು ಯಾರೋ. ಮರಿಸ್ವಾಮಿ. ಅವನು ಮೂಲೆಯಲ್ಲಿ ನಿಂತೇ ಇದ್ದಾನೆ ಅನ್ನುವುದು ನಮಗಿಬ್ಬರಿಗೂ ಮರೆತುಹೋಗಿತ್ತು. ಬಾಗಿಲು ತೆರೆದಿತ್ತು, ಅವನನ್ನು ಯಾವ ಹೊಸ್ತಿಲೂ ಹಿಡಿದಿರಲಿಲ್ಲ, ಹೋಗಬಹುದಿತ್ತು. ಹೋಗಿರಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ನಮಗೆ ಬೆನ್ನು ತಿರುಗಿಸಿದ. ಬೆನ್ನ ತುಂಬ ಹಳೇ ಬಾಸುಂಡೆಯ ಕಲೆ, ಒಂದರ ಮೇಲೊಂದು. ಕೆಲವು ಎಷ್ಟು ಹಳೆಯವೆಂದರೆ ಅವನ ಜೊತೆಗೇ ಬೆಳೆದು ಅಗಲವಾಗಿದ್ದವು. ಕುಸುಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕಟ್ಟಿಕೊಂಡ ಹೆಂಡತಿಗೂ ಅವನು ಅದನ್ನು ತೋರಿಸಿರಲಿಲ್ಲ.

"ಯಾರು ಹೊಡೆದದ್ದು ಮರಿಸ್ವಾಮಿ?" ಅಂದೆ. ಕೇಳಲೇಬೇಕಲ್ಲ, ಅದು ನನ್ನ ಕೆಲಸ. ಅವನು ಕಿಟಕಿಯಾಚೆ ಬಯಲಿನ ಕಡೆ ನೋಡಿದ. ನಾನು ಮೈಕ್ ಆರಿಸಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ನಮ್ಮವ್ವ," ಅಂದ.